ಕೊನೆಯ ದಿನಕ್ಕೆ ಮೊದಲು ಕೇಳಬೇಕಾದ್ದು

ತೆಕ್ಕಟ್ಟೆಯ ಒಂದು ಮನೆಯಲ್ಲಿ ಮೂವರು ಮಾತಿಗೆ ಕೂತಿದ್ದಾರೆ. ಮಗ ಬೆಂಗಳೂರಿನ ಕಂಪನಿಯೊಂದರ ನೌಕರ, ಕೈಯಲ್ಲಿ ಕೆಲಸದಿಂದ ಬಿಡುಗಡೆಯ ಪತ್ರ. ತಾಯಿ ಗೇರುಬೀಜದ ಕಾರ್ಖಾನೆಯ ಕೆಲಸಗಾರ್ತಿ. ನೆರೆಮನೆಯ ಹಿರಿಯರು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು.

ಮಗ: ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಸಂಬಳದ ಬಾಕಿ, ಗ್ರಾಚ್ಯುಟಿ, ಪಿಎಫ್ ಎಲ್ಲದರ ಲೆಕ್ಕವೂ ಪತ್ರದಲ್ಲಿದೆ. ಆರೋಗ್ಯ ವಿಮೆಯ ಬಗ್ಗೆ ಮಾತ್ರ ಒಂದೇ ಸಾಲು: ಕೊನೆಯ ಕೆಲಸದ ದಿನಕ್ಕೆ ವಿಮೆ ಕೊನೆ. ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು ಅದೇ ವಿಮೆಯಿಂದ.

ಹಿರಿಯರು: ಮುಂದಕ್ಕೆ ಏನು ಯೋಚನೆ ಮಾಡಿದ್ದೀಯ?

ಮಗ: ಮೂರ್ನಾಲ್ಕು ತಿಂಗಳಲ್ಲಿ ಇನ್ನೊಂದು ಕೆಲಸ ಸಿಕ್ಕೀತು. ಅಲ್ಲಿಯ ವಿಮೆ ಬರುತ್ತದೆ. ಅಲ್ಲಿಯವರೆಗೆ ಹೇಗೋ ದೂಡಬೇಕು.

ತಾಯಿ: ಆನೆಗುಡ್ಡೆ ಗಣಪತಿ ಇದ್ದ, ಕಾಪಾಡ್ತ ಅಂದ್ಕಂಡ್ ನಾನೂ ಸುಮ್ನಿದ್ದೆ.

ಹಿರಿಯರು: ಗಣಪತಿಯ ಮೇಲೆ ಭಾರ ಹಾಕುವ ಮೊದಲು ಕಾಗದದ ಮೇಲೆ ಎಷ್ಟು ಭಾರ ಹಾಕಬಹುದು ಎಂದು ನೋಡೋಣ. ಹೊಸ ಕಂಪನಿಯ ವಿಮೆಯಲ್ಲಿ ತಂದೆ-ತಾಯಿಗೆ ಜಾಗ ಇರುತ್ತದೆ ಎಂದು ಯಾರು ಹೇಳಿದ್ದು? ಎಷ್ಟೋ ಕಂಪನಿಗಳು ಗಂಡ, ಹೆಂಡತಿ, ಮಕ್ಕಳು ಇಷ್ಟಕ್ಕೇ ನಿಲ್ಲಿಸುತ್ತವೆ. ನಿನಗೆ ಕೆಲಸ ಸಿಕ್ಕಿದರೂ ಅಪ್ಪನಿಗೆ ವಿಮೆ ಸಿಕ್ಕಿತೆಂದು ಅರ್ಥವಲ್ಲ. ಅರವತ್ತು ದಾಟಿದ, ಸ್ಟೆಂಟ್ ಇರುವ ಮನುಷ್ಯ ಇವತ್ತು ಹೊಸದಾಗಿ ಪಾಲಿಸಿ ಕೇಳಿದರೆ ವಿಮಾ ಕಂಪನಿ ಎರಡೆರಡು ಸಲ ಯೋಚಿಸುತ್ತದೆ. ಕೊಟ್ಟರೂ ಹೃದಯದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು.

ಮಗ: ಹಾಗಾದರೆ ಈಗಿರುವ ವಿಮೆಯನ್ನೇ ನಾನು ದುಡ್ಡು ಕಟ್ಟಿ ಮುಂದುವರಿಸಲು ಬರುವುದಿಲ್ಲವೆ? ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರೊಬ್ಬರಿಗೆ ಕೆಲಸ ಹೋದಾಗ ಮನೆಗೇ ಪತ್ರ ಬಂದಿತ್ತು. ಕೋಬ್ರಾ ಎಂದೇನೋ ಹೇಳಿದ್ದರು.

ಹಿರಿಯರು: ಅದು 1985ರ ಕಾನೂನು, 1986ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಸಹಿ ಬಿತ್ತು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಕೆಲಸ ಹೋದವರು ಅದೇ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ 18 ತಿಂಗಳು ಉಳಿಯಬಹುದು. ಆದರೆ ಅಲ್ಲಿಯವರೆಗೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ತಾವೇ ಕಟ್ಟಬೇಕು, ಮೇಲೆ ಆಡಳಿತ ವೆಚ್ಚವೆಂದು ಶೇ 2. ಸಂಬಳ ನಿಂತ ತಿಂಗಳಲ್ಲೇ ಶೇ 102ರಷ್ಟು ಪ್ರೀಮಿಯಂ ಎಂದರೆ ಎಷ್ಟೋ ಜನರ ಕೈಗೆ ಎಟುಕುವುದಿಲ್ಲ. ಅಷ್ಟಾದರೂ ಆ ಕಾನೂನಿನಲ್ಲಿ ಒಂದು ಒಳ್ಳೆಯ ಗುಣ ಇದೆ. ಕೆಲಸ ಹೋದ ಸಂಗತಿಯನ್ನು ಕಂಪನಿ 30 ದಿನದೊಳಗೆ ವಿಮೆ ನೋಡಿಕೊಳ್ಳುವವರಿಗೆ ತಿಳಿಸಬೇಕು, ಅವರು 14 ದಿನದೊಳಗೆ ನೌಕರನಿಗೆ ಪತ್ರ ಕಳಿಸಬೇಕು. ಬೇಕೋ ಬೇಡವೋ ಎಂದು ತೀರ್ಮಾನಿಸಲು ಅವನಿಗೆ 60 ದಿನ ಸಮಯ.

ಮಗ: ನಮ್ಮಲ್ಲಿ?

ಹಿರಿಯರು: ನಮ್ಮಲ್ಲಿ ಗುಂಪು ವಿಮೆಯೊಳಗೇ ಉಳಿಯುವ ಅಂಥ ಹಕ್ಕಿಲ್ಲ. ಅದು ನಿನ್ನ ಕಂಪನಿಗೂ ವಿಮಾ ಕಂಪನಿಗೂ ನಡುವಿನ ಕರಾರು. ನಿನ್ನ ಹತ್ತಿರ ಇದ್ದದ್ದು ಮೊಬೈಲಿನಲ್ಲಿ ಒಂದು ಕಾರ್ಡ್ ಅಷ್ಟೆ. ಆದರೆ ಅಲ್ಲಿಂದ ಹೊರಗೆ ಹೋಗುವ ಬಾಗಿಲೊಂದನ್ನು ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, ಇಟ್ಟಿದೆ. ಗುಂಪು ಆರೋಗ್ಯ ವಿಮೆಯಲ್ಲಿದ್ದ ಸದಸ್ಯ, ಅವನ ಜೊತೆ ಸೇರಿಸಿದ್ದ ಕುಟುಂಬದವರೂ ಸೇರಿ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೋ ಕುಟುಂಬದ ಪಾಲಿಸಿಗೋ ದಾಟಿಕೊಳ್ಳಬಹುದು. ಇದಕ್ಕೆ ಮೈಗ್ರೇಷನ್ ಎನ್ನುತ್ತಾರೆ. ಹಾಗೆ ದಾಟಿ ಒಂದು ವರ್ಷ ಅಲ್ಲಿದ್ದ ಮೇಲೆ ಬೇರೆ ಕಂಪನಿಗೆ ಹೋಗುವ ಹಕ್ಕೂ ಬರುತ್ತದೆ, ಅದು ಪೋರ್ಟಬಿಲಿಟಿ.

ಮಗ: ದಾಟಿದರೆ ಲಾಭ ಏನು? ಹೊಸ ಪಾಲಿಸಿ ತಕ್ಕೊಂಡ ಹಾಗೇ ಅಲ್ಲವೆ?

ಹಿರಿಯರು: ಅಲ್ಲ. ಅಪ್ಪನ ಹೆಸರು ನಿನ್ನ ಗುಂಪು ವಿಮೆಯಲ್ಲಿ ಎಷ್ಟು ವರ್ಷದಿಂದ ಇತ್ತು?

ಮಗ: ನಾನು ಸೇರಿದಾಗಿನಿಂದ. ನಾಲ್ಕು ವರ್ಷ ಕಳೆದಿದೆ.

ಹಿರಿಯರು: ಆ ನಾಲ್ಕು ವರ್ಷ ಅವರ ಲೆಕ್ಕಕ್ಕೆ ಜಮಾ ಆಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಹಿಂದೆ ನಾಲ್ಕು ವರ್ಷದವರೆಗೂ ಇತ್ತು. 2024ರಲ್ಲಿ ಅದನ್ನು ಹೆಚ್ಚೆಂದರೆ ಮೂರು ವರ್ಷ ಎಂದು ಇಳಿಸಿದರು. ಅಪ್ಪ ಅದನ್ನು ಆಗಲೇ ಕಳೆದಾಗಿದೆ. ಅದೇ ವರ್ಷ ಇನ್ನೊಂದು ನಿಯಮವೂ ಬದಲಾಯಿತು. 60 ತಿಂಗಳು ಬಿಡದೆ ವಿಮೆಯಲ್ಲಿದ್ದರೆ, ಮೋಸ ಸಾಬೀತಾದ ಪ್ರಕರಣ ಬಿಟ್ಟು, ನೀವು ಆ ಕಾಯಿಲೆ ಹೇಳಿರಲಿಲ್ಲ ಎಂಬ ನೆಪದಲ್ಲಿ ಕ್ಲೇಮ್ ತಿರಸ್ಕರಿಸುವಂತಿಲ್ಲ. ಮೊದಲು ಅದಕ್ಕೆ ಎಂಟು ವರ್ಷ ಬೇಕಿತ್ತು. ಈಗ ನೀನು ಮೂರ್ನಾಲ್ಕು ತಿಂಗಳು ಹೇಗೋ ದೂಡುತ್ತೇನೆ ಎಂದರೆ, ಕೂಡಿಟ್ಟ ನಾಲ್ಕು ವರ್ಷವನ್ನು ನೀನೇ ಕೈಬಿಟ್ಟ ಹಾಗೆ.

ಮಗ: ಪ್ರೀಮಿಯಂ?

ಹಿರಿಯರು: ಕಂಪನಿ ಕಟ್ಟುತ್ತಿದ್ದ ದರದಲ್ಲಿ ಸಿಗುವುದಿಲ್ಲ. ವಯಸ್ಸು, ಕಾಯಿಲೆ ನೋಡಿ ಹೊಸದಾಗಿ ಲೆಕ್ಕ ಹಾಕುತ್ತಾರೆ, ತಪಾಸಣೆಗೂ ಕರೆಯಬಹುದು. ಜಮಾ ಆಗುವುದೂ ಹಳೆಯ ವಿಮಾ ಮೊತ್ತದಷ್ಟಕ್ಕೆ ಮಾತ್ರ. ಮೂರು ಲಕ್ಷ ಇದ್ದದ್ದನ್ನು ಐದು ಮಾಡಿಸಿದರೆ ಹೆಚ್ಚಿನ ಎರಡು ಲಕ್ಷಕ್ಕೆ ಕಾಯುವ ಅವಧಿ ಮತ್ತೆ ಮೊದಲಿನಿಂದ. ಸ್ಟೆಂಟಿನ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಒಂದು ಸಮಾಧಾನ ಇದೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ಇಲ್ಲ.

ಮಗ: ಇಷ್ಟೆಲ್ಲ ಯಾಕೆ? ಸರ್ಕಾರದ ಯೋಜನೆ ಇದೆಯಲ್ಲ, ಮಣಿಪಾಲದ ಕಾರ್ಡ್ ಇದೆಯಲ್ಲ.

ಹಿರಿಯರು: ಒಂದೊಂದಾಗಿ ನೋಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ನಿಮ್ಮದು ಎಪಿಎಲ್ ಕಾರ್ಡ್. ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ ಶೇ 70 ನಿಮ್ಮದೇ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಬೇಕು. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಯಿತು. ಐದು ಲಕ್ಷದ ಮಿತಿ, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ. ಆದರೆ ನೋಂದಣಿ ವರ್ಷದಲ್ಲಿ ನಿಗದಿಯಾದ ದಿನಗಳಲ್ಲಿ ಮಾತ್ರ. ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಮಣಿಪಾಲ ಆರೋಗ್ಯ ಕಾರ್ಡ್ ನಮ್ಮ ಕಡೆ ಮನೆಮನೆಯಲ್ಲೂ ಇದೆ, ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ. ರಿಯಾಯಿತಿ ವಿಮೆಯಲ್ಲ, ಉಳಿದ ಬಿಲ್ಲನ್ನು ಯಾರೂ ಕಟ್ಟುವುದಿಲ್ಲ. ಇವೆಲ್ಲ ಇರಲಿ, ಒಳ್ಳೆಯದೇ. ಆದರೆ ಯಾವುದೂ ನಿನ್ನ ನಾಲ್ಕು ವರ್ಷಕ್ಕೆ ಬದಲಿ ಆಗುವುದಿಲ್ಲ.

ತಾಯಿ: ಹ್ವಾಯ್, ಇವನ ಕಂಪನಿ ಕತೆ ಆಯ್ತ್. ನನ್ನ್ ಇಎಸ್‌ಐ ಕಾರ್ಡ್ ಕತೆ ಎಂತ? ಬಪ್ಪ ವರ್ಷ ನಂಗೂ ಫ್ಯಾಕ್ಟ್ರಿ ಬಿಡು ಕಾಲ ಬಂತ್. ಅದೂ ಅದೇ ದಿನ ಸಾಯತ್ತಾ?

ಹಿರಿಯರು: ಇಲ್ಲ. ನಿಮ್ಮ ಮನೆಯ ಗಟ್ಟಿ ಕಾರ್ಡ್ ನಿಮ್ಮದೇ.

ಮಗ: ಇಎಸ್‌ಐಯಾ? ಅಮ್ಮನ ಸಂಬಳದಿಂದ ತಿಂಗಳಿಗೆ ನೂರು ರೂಪಾಯಿ ಚಿಲ್ಲರೆ ಹಿಡಿಯುತ್ತಾರೆ ಅಷ್ಟೆ.

ಹಿರಿಯರು: 14,000 ಸಂಬಳಕ್ಕೆ ಅಮ್ಮನ ಪಾಲು ಶೇ 0.75, ಅಂದರೆ 105 ರೂಪಾಯಿ. ಮಾಲೀಕರ ಪಾಲು ಶೇ 3.25, ಅಂದರೆ 455. 2019ರ ಜುಲೈಗೆ ಮೊದಲು ಇಬ್ಬರ ಪಾಲೂ ಇದಕ್ಕಿಂತ ಹೆಚ್ಚಿತ್ತು. ಈ ಚಿಲ್ಲರೆಯ ಹಿಂದೆ ದೊಡ್ಡ ಆಲೋಚನೆಯಿದೆ. ಪ್ರೊ. ಬಿ. ಪಿ. ಅದಾರ್ಕರ್ 1944ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು, 1948ರಲ್ಲಿ ಕಾಯ್ದೆ ಬಂತು, 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಕೆಲಸ ನಿಂತ ಕೂಡಲೇ ಕಾಯಿಲೆ ನಿಲ್ಲುವುದಿಲ್ಲ ಎಂದು ಈ ಯೋಜನೆ ಮಾಡಿದವರಿಗೆ ಗೊತ್ತಿತ್ತು.

ತಾಯಿ: ಸ್ವಲ್ಪ ಬಿಡ್ಸಿ ಹೇಳಿ.

ಹಿರಿಯರು: ವರ್ಷದಲ್ಲಿ ಎರಡು ವಂತಿಗೆ ಅವಧಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮೊದಲನೆಯದಕ್ಕೆ ಸೌಲಭ್ಯ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ಅವಧಿಯಲ್ಲಿ ಕನಿಷ್ಠ 78 ದಿನಕ್ಕೆ ವಂತಿಗೆ ಸಂದಿದ್ದರೆ, ಅದಕ್ಕೆ ಸಂಬಂಧಿಸಿದ ಸೌಲಭ್ಯದ ಅವಧಿ ಮುಗಿಯುವವರೆಗೆ ಚಿಕಿತ್ಸೆಯ ಹಕ್ಕಿದೆ. ನೀವು ಬಿಡದೆ ದುಡಿದು ಸೆಪ್ಟೆಂಬರ್ 30ಕ್ಕೆ ಕೆಲಸ ಬಿಟ್ಟಿರಿ ಎನ್ನಿ. ಮುಂದಿನ ಜೂನ್ 30ರವರೆಗೆ ಕಾರ್ಡ್ ನಡೆಯುತ್ತದೆ, ಒಂಬತ್ತು ತಿಂಗಳು. ಕೆಲಸ ಬಿಟ್ಟ ಮರುದಿನವೇ ಕಾರ್ಡ್ ಸತ್ತಿತು ಎಂದುಕೊಂಡು ಎಷ್ಟೋ ಹೆಂಗಸರು ಆಸ್ಪತ್ರೆಗೇ ಹೋಗುವುದಿಲ್ಲ.

ಮಗ: ಆಮೇಲೆ?

ಹಿರಿಯರು: ಆಮೇಲೆ ನಿವೃತ್ತರ ನಿಯಮ. ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು, ವಯಸ್ಸಾಗಿಯೋ ಸ್ವಯಂನಿವೃತ್ತಿ ಪಡೆದೋ ಹೊರಗೆ ಬಂದವರು ತಿಂಗಳಿಗೆ 10 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 120 ರೂಪಾಯಿ ಮುಂಗಡ ಕಟ್ಟಿದರೆ ಚಿಕಿತ್ಸೆ ಮುಂದುವರಿಯುತ್ತದೆ. ಅವರಿಗೂ, ಅವರ ಗಂಡ ಅಥವಾ ಹೆಂಡತಿಗೂ.

ಮಗ: ಅಂದರೆ ಅಪ್ಪನಿಗೂ?

ಹಿರಿಯರು: ಅಪ್ಪನಿಗೂ. ನಿನ್ನ ದೊಡ್ಡ ಕಂಪನಿಯ ಕಾರ್ಡ್ ಅವರನ್ನು ತಿಂಗಳ ಕೊನೆಗೆ ಇಳಿಸಿ ಹೋಗುತ್ತದೆ. ಗೇರುಬೀಜ ಸುಲಿದು ಸಂಪಾದಿಸಿದ ಅಮ್ಮನ ಕಾರ್ಡ್ 120 ರೂಪಾಯಿಗೆ ಅವರ ಜೊತೆ ನಿಲ್ಲುತ್ತದೆ.

ತಾಯಿ: ಇಷ್ಟ್ ವರ್ಷ ಫ್ಯಾಕ್ಟ್ರಿಗೆ ಹೋದೆ. ಒಬ್ರೂ ಈ ಮಾತ್ ಹೇಳ್ಲಿಲ್ಲ. ನನ್ ಒಟ್ಟಿಗೆ ಇದ್ದವ್ರ್ ಎಷ್ಟ್ ಜನ ಬಿಟ್ಟ್ ಹೋದ್ರ್!

ಹಿರಿಯರು: ಅವರು ಹೇಗೆ ಬಿಟ್ಟು ಹೋದರು?

ತಾಯಿ: ಹೇಗಂದ್ರೆ? ಸೊಂಟನೋವು ಅಂದ್ಕಂಡ್ ಒಂದಿನ ಬಪ್ಪುದ್ ನಿಲ್ಸ್ತ್ರ್. ಅಷ್ಟೇ.

ಹಿರಿಯರು: ಹಕ್ಕು ಸೋರಿಹೋಗುವುದು ಅಲ್ಲೇ. ಕಾರ್ಖಾನೆಯವರು ಪ್ರತಿ ತಿಂಗಳು ಇಎಸ್‌ಐ ಪೋರ್ಟಲ್‌ನಲ್ಲಿ ವಂತಿಗೆಯ ಪಟ್ಟಿ ತುಂಬುತ್ತಾರೆ. ಒಬ್ಬರ ಕೆಲಸದ ದಿನ ಸೊನ್ನೆ ಎಂದಾದರೆ ಕಾರಣ ಕೇಳುತ್ತದೆ. ಅದಕ್ಕೆ ಸಂಖ್ಯೆಗಳಿವೆ: 2 ಎಂದರೆ ಕೆಲಸ ಬಿಟ್ಟರು, 3 ಎಂದರೆ ನಿವೃತ್ತರಾದರು, 4 ಎಂದರೆ ವ್ಯಾಪ್ತಿಯಿಂದ ಹೊರಗೆ ಹೋದರು. ನಾನು ಅದೇ ಕೆಲಸ ಮಾಡಿದವನು. ಅವಸರದಲ್ಲಿ ಎಲ್ಲರಿಗೂ 2 ಒತ್ತುವುದು ಸುಲಭ. ಆದರೆ 120 ರೂಪಾಯಿಯ ಹಕ್ಕು ಇರುವುದು ನಿವೃತ್ತರಿಗೆ. ನೀವು ಸುಮ್ಮನೆ ಹೋಗುವುದು ನಿಲ್ಲಿಸಬೇಡಿ. ನಿವೃತ್ತಿ ಎಂದು ಬರೆದು ಕೊಡಿ, ನಿವೃತ್ತಿ ಎಂದೇ ದಾಖಲಿಸಿದ್ದಾರೆಯೇ ಎಂದು ಕೇಳಿ, ಐದು ವರ್ಷ ಮೀರಿ ದುಡಿದ ಪ್ರಮಾಣಪತ್ರ ಕೈಯಲ್ಲಿ ಹಿಡಿದು ಹೊರಗೆ ಬನ್ನಿ.

ತಾಯಿ: ಅದ್ಕೆ ಮಂಗ್ಳೂರಿಗೆ ಹೋಯ್ಕಾ?

ಹಿರಿಯರು: ಅರ್ಜಿ ಇಎಸ್‌ಐ ಶಾಖಾ ಕಚೇರಿಯಲ್ಲಿ. ದೊಡ್ಡ ಇಎಸ್‌ಐ ಆಸ್ಪತ್ರೆ ಮಾತ್ರ ಮಂಗಳೂರಿನಲ್ಲಿ, ತೆಕ್ಕಟ್ಟೆಯಿಂದ ಹೋಗಿ ಬರುವುದು ಒಂದು ದಿನದ ಕೆಲಸ. ಹೃದಯದ ಕಾಯಿಲೆಯಲ್ಲಿ ದೂರವೇ ದೊಡ್ಡ ಅಪಾಯ. ನಿವೃತ್ತರನ್ನು ಹೊರಗಿನ ಆಸ್ಪತ್ರೆಗಳಿಗೆ ಎಷ್ಟರ ಮಟ್ಟಿಗೆ ಶಿಫಾರಸು ಮಾಡುತ್ತಾರೆ ಎಂಬುದನ್ನೂ ಅಲ್ಲಿಯೇ ಬರವಣಿಗೆಯಲ್ಲಿ ಕೇಳಿ. ಅದಕ್ಕೇ ಹೇಳುವುದು, ಇಎಸ್‌ಐ ಇದೆ ಎಂದು ಮಗ ಮೈಗ್ರೇಷನ್ ಬಿಡಬಾರದು, ಮೈಗ್ರೇಷನ್ ಇದೆ ಎಂದು ಅಮ್ಮ 120 ರೂಪಾಯಿ ಬಿಡಬಾರದು.

ಮಗ: ಸಂಬಳ ಹೆಚ್ಚಾಗಿ ಇಎಸ್‌ಐಯಿಂದ ಹೊರಗೆ ಬಿದ್ದವರೂ ಇದ್ದಾರೆ. ಬೆಂಗಳೂರಿನ ಹೋಟೆಲುಗಳಲ್ಲಿ ನಮ್ಮ ಕಡೆಯ ಕ್ಯಾಶಿಯರ್, ಸೂಪರ್‌ವೈಸರ್‌ಗಳು ಎಷ್ಟು ಜನ!

ಹಿರಿಯರು: ಮಿತಿ ತಿಂಗಳಿಗೆ 21,000, 2017ರ ಜನವರಿಯಿಂದ. ಅದಕ್ಕೆ ಮೊದಲು 15,000 ಇತ್ತು. ವಂತಿಗೆ ಅವಧಿಯ ನಡುವೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ಅವರು ಒಳಗೇ. ಅವಧಿ ಮುಗಿದ ಮೇಲೆ ಹೊರಗೆ. ಐನೂರು ರೂಪಾಯಿ ಹೆಚ್ಚಳಕ್ಕೆ ಇಡೀ ಕುಟುಂಬದ ಚಿಕಿತ್ಸೆ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥವರು ಮುಂದೆ ನಿವೃತ್ತರಾದಾಗ ವ್ಯಾಪ್ತಿಯಲ್ಲೇ ಇಲ್ಲ ಎಂಬ ಕಾರಣಕ್ಕೆ 120 ರೂಪಾಯಿಯ ಸೌಲಭ್ಯವೂ ಸಿಗುತ್ತಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಇಎಸ್‌ಐ ನಿಗಮದ 193ನೇ ಸಭೆ ಈ ತಪ್ಪು ಸರಿಪಡಿಸಲು ಹೊರಟಿತು. 2012ರ ಏಪ್ರಿಲ್ 1ರ ನಂತರ ಕನಿಷ್ಠ ಐದು ವರ್ಷ ವ್ಯಾಪ್ತಿಯಲ್ಲಿದ್ದು, 2017ರ ಏಪ್ರಿಲ್ 1ರ ಮೇಲೆ 30,000ದವರೆಗಿನ ಸಂಬಳದಲ್ಲಿ ನಿವೃತ್ತರಾದವರಿಗೆ ಮತ್ತೆ ಬಾಗಿಲು ತೆರೆಯಲು ತೀರ್ಮಾನಿಸಿತು. ಊರಿಗೆ ಮರಳಿದ ಹೋಟೆಲ್ ನೌಕರರು ನಮ್ಮ ಕೋಟ, ಕುಂಭಾಶಿ, ಬೀಜಾಡಿಯಲ್ಲೆಲ್ಲ ಇದ್ದಾರೆ. ಅವರು ಹಳೆಯ ಇಎಸ್‌ಐ ಸಂಖ್ಯೆ ಹುಡುಕಿ ತೆಗೆಯಬೇಕು.

ಮಗ: ಬ್ಯಾಂಕಿನವರ ಪಾಡು ಉತ್ತಮ ಇರಬೇಕು. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿಗೆ ಲೆಕ್ಕವೇ ಇಲ್ಲ.

ಹಿರಿಯರು: ಅವರು ಸಂಘಟಿತರು, ಕೇಳಿ ಪಡೆದರು. 2015ರ ಮೇ 25ರ ಹತ್ತನೇ ದ್ವಿಪಕ್ಷೀಯ ಒಪ್ಪಂದದಲ್ಲಿ ಅಧಿಕಾರಿಗಳಿಗೆ ನಾಲ್ಕು ಲಕ್ಷ, ಉಳಿದವರಿಗೆ ಮೂರು ಲಕ್ಷದ ಗುಂಪು ಆರೋಗ್ಯ ವಿಮೆ ಬಂತು. ನಿವೃತ್ತರಿಗೂ ಜಾಗ ಸಿಕ್ಕಿತು. ಆದರೆ ಸೇವೆಯಲ್ಲಿದ್ದವರ ಪ್ರೀಮಿಯಂ ಬ್ಯಾಂಕಿನದು, ನಿವೃತ್ತರದು ಅವರದೇ. ಮುದುಕರದೇ ಗುಂಪಾದರೆ ಕ್ಲೇಮ್ ಹೆಚ್ಚು. ಕ್ಲೇಮ್ ಹೆಚ್ಚಾದರೆ ಮುಂದಿನ ವರ್ಷದ ಪ್ರೀಮಿಯಂ ಹೆಚ್ಚು. ಪಿಂಚಣಿ ಅಷ್ಟೇ ಇದ್ದು ಪ್ರೀಮಿಯಂ ಏರಿದಾಗ ಕೆಲವರು ಕೈಬಿಟ್ಟರು. ಆ ಹೋರಾಟ ಇನ್ನೂ ಮುಗಿದಿಲ್ಲ. ದುಡಿಯುವ ಕಿರಿಯರನ್ನೂ ನಿವೃತ್ತ ಹಿರಿಯರನ್ನೂ ಒಂದೇ ಗುಂಪಿನಲ್ಲಿಟ್ಟರೆ ಮಾತ್ರ ಹೊರೆ ಹಂಚಿಹೋಗುತ್ತದೆ. ಇಎಸ್‌ಐ 120 ರೂಪಾಯಿಗೆ ಕೊಡಲು ಸಾಧ್ಯವಾದದ್ದು ಅದು ಎಲ್ಲರ ವಂತಿಗೆಯನ್ನು ಒಂದೇ ನಿಧಿಗೆ ಹಾಕಿದ್ದರಿಂದ.

ಮಗ: ಸರಿ, ನಾನೀಗ ಏನು ಮಾಡಲಿ?

ಹಿರಿಯರು: ಇವತ್ತೇ ಎಚ್‌ಆರ್‌ಗೆ ಮೇಲ್ ಬರೆ. ಹೀಗೆ: “ನನ್ನ ಮತ್ತು ನನ್ನ ಕುಟುಂಬದವರ ವಿಮೆ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ತಿಳಿಸಿ. ನಾನು ಸೇರಿದ ದಿನದಿಂದ ಪ್ರತಿ ವರ್ಷದ ಪಾಲಿಸಿ ಸಂಖ್ಯೆ, ವಿಮಾ ಕಂಪನಿ, ವಿಮಾ ಮೊತ್ತ ಮತ್ತು ಪ್ರತಿ ಸದಸ್ಯರು ಸೇರಿದ ದಿನಾಂಕ ಇರುವ ಪ್ರಮಾಣಪತ್ರ ಕೊಡಿ. ಕ್ಲೇಮ್‌ಗಳ ವಿವರ ಕೊಡಿ. ವೈಯಕ್ತಿಕ ಪಾಲಿಸಿಗೆ ಮೈಗ್ರೇಷನ್ ಅರ್ಜಿಯನ್ನು ವಿಮಾ ಕಂಪನಿಯ ಯಾರಿಗೆ ಸಲ್ಲಿಸಬೇಕು ಎಂದು ತಿಳಿಸಿ.” ಇದೇ ಮೇಲ್ ವಿಮಾ ಕಂಪನಿಗೂ ಹೋಗಲಿ. ನೋಟಿಸ್ ಅವಧಿ ಮುಗಿಯುವವರೆಗೆ ನೀನು ನೌಕರ, ವಿಮೆಯೂ ಜೀವಂತ. ಅರ್ಜಿಗೆ ಅದೇ ಸರಿಯಾದ ಸಮಯ. ಅಪ್ಪನಿಗೆ ಹೃದಯದ ತಪಾಸಣೆ ಬಾಕಿ ಇದ್ದರೆ ಅದನ್ನೂ ಈ ತಿಂಗಳೇ ಮುಗಿಸು. ವಿಮಾ ಕಂಪನಿ ಉತ್ತರ ಕೊಡದಿದ್ದರೆ ಅದರ ದೂರು ವಿಭಾಗ, ಆಮೇಲೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್, ಅದೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್.

ಮಗ: ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ನೀವು ಪಕ್ಕದ ಮನೆಯಲ್ಲಿ ಇದ್ದಿರಿ, ಅದಕ್ಕೆ ನನಗೆ ಗೊತ್ತಾಯಿತು. ನನ್ನ ಜೊತೆ ಪತ್ರ ಪಡೆದ ಉಳಿದವರಿಗೆ? ಕೆಲಸ ಹೋದ ವಾರದಲ್ಲಿ ಮನೆ ಬಾಡಿಗೆ, ಸಾಲದ ಕಂತು, ಹೊಸ ಕೆಲಸದ ಅರ್ಜಿ ಇವೇ ತಲೆ ತುಂಬ. ಆಗ ನಿಯಮ ಹುಡುಕಿ ಓದು ಎಂದರೆ ಯಾರು ಓದುತ್ತಾರೆ? ಎಚ್ಚರ ಇದ್ದವನಿಗೆ ಮಾತ್ರ ಸಿಗುವ ಹಕ್ಕು ಎಂಥ ಹಕ್ಕು?

ತಾಯಿ: ಅದೇ ನಾನೂ ಹೇಳುದು. ಹೇಳುವವ್ರೇ ಇಲ್ದಿದ್ರೆ ಹಕ್ಕ್ ಇದ್ದ್ ಎಂತ ಪ್ರಯೋಜನ?

ಹಿರಿಯರು: ನೀವಿಬ್ಬರೂ ಹೇಳಿದ್ದು ಸರಿ. ಜಾಗರೂಕರಾಗಿರಿ ಎಂದು ನಾನು ಇಷ್ಟು ಹೊತ್ತು ಹೇಳಿದ್ದು ಇವತ್ತಿನ ಅಗತ್ಯ. ಅದು ನ್ಯಾಯ ಅಲ್ಲ. ನ್ಯಾಯ ಬೇಕಾದರೆ ತಿಳಿಸುವ ಹೊಣೆಯನ್ನು ತಿಳಿದವರ ಮೇಲೆ ಹಾಕಬೇಕು. ಅಮೆರಿಕದ ಆ ದುಬಾರಿ ಪ್ರೀಮಿಯಂ ನಮಗೆ ಬೇಡ, ಆದರೆ ಕಡ್ಡಾಯದ ಆ ಪತ್ರ ಬೇಕು.

ಮಗ: ಕಂಪನಿಗಳು ಅದಕ್ಕೆ ಖರ್ಚು ಎನ್ನುತ್ತವೆ.

ಹಿರಿಯರು: ಖರ್ಚು ಏನೂ ಇಲ್ಲ. ನೀನು ಕೆಲಸ ಬಿಟ್ಟಾಗ ನಿನ್ನ ಹೆಸರನ್ನು ಪಾಲಿಸಿಯಿಂದ ತೆಗೆಯಿರಿ ಎಂದು ನಿನ್ನ ಕಂಪನಿ ವಿಮಾ ಕಂಪನಿಗೆ ಪಟ್ಟಿ ಕಳಿಸುತ್ತದೆ. ಯಾರ ಹೆಸರು, ಯಾವ ದಿನ, ಕುಟುಂಬದಲ್ಲಿ ಯಾರು ಯಾರು, ಮೊಬೈಲ್ ಸಂಖ್ಯೆ ಏನು, ಎಲ್ಲವೂ ಅವರ ಹತ್ತಿರ ಇದೆ. ಹೆಸರು ತೆಗೆದ ಕೂಡಲೇ ಅದೇ ಸಂಖ್ಯೆಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಬೇಕು: ನಿಮ್ಮ ಗುಂಪು ವಿಮೆ ಈ ದಿನಕ್ಕೆ ಮುಗಿಯುತ್ತದೆ, ನಿಮ್ಮ ಇಷ್ಟು ವರ್ಷ ಜಮಾ ಇದೆ, ವೈಯಕ್ತಿಕ ಪಾಲಿಸಿಗೆ ದಾಟಲು ಇಲ್ಲಿ ಅರ್ಜಿ ಹಾಕಿ, ತೀರ್ಮಾನಕ್ಕೆ 60 ದಿನ ಸಮಯ ಇದೆ. ಇದನ್ನು ಕಡ್ಡಾಯ ಮಾಡಲು ಐಆರ್‌ಡಿಎಐಯ ಒಂದು ಸುತ್ತೋಲೆ ಸಾಕು. ಇಎಸ್‌ಐಯಲ್ಲಿ ಇನ್ನೂ ಸುಲಭ. ಪೋರ್ಟಲ್‌ನಲ್ಲಿ ಮಾಲೀಕರು 3 ಎಂದು ಒತ್ತಿದ ಕ್ಷಣ 120 ರೂಪಾಯಿಯ ಅರ್ಜಿ ನಿವೃತ್ತರಾದವರ ಮೊಬೈಲಿಗೆ ಬರಲಿ. 2 ಎಂದು ಒತ್ತಿದರೆ, ನೀವು ನಿಜವಾಗಿ ನಿವೃತ್ತರಾದವರಾದರೆ ಶಾಖಾ ಕಚೇರಿಗೆ ತಿಳಿಸಿ ಎಂದು ಬರಲಿ. 4 ಎಂದು ಒತ್ತಿದರೆ, ಚಿಕಿತ್ಸೆ ಯಾವ ತಾರೀಕಿನವರೆಗೆ ಇದೆ ಎಂದು ಬರಲಿ.

ತಾಯಿ: ಕನ್ನಡದಲ್ಲೇ ಬರ್ಕ್. ಇಂಗ್ಲಿಷಲ್ಲಿ ಬಂದ್ರೆ ನಾವ್ ಬ್ಯಾಂಕಿಂದ್ ಅಂದ್ಕಂಡ್ ಅಳ್ಸಿ ಬಿಡ್ತ್.

ಹಿರಿಯರು: ಸರಿಯಾದ ಮಾತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಇಎಸ್‌ಐ ಕೂಡ ಅದರೊಳಗೆ ಸೇರಿತು. ನಿಯಮಗಳನ್ನು ಹೊಸದಾಗಿ ಬರೆಯುವ ಕಾಲ ಇದು. ಕಾರ್ಮಿಕ ಸಂಘಗಳು, ಶಾಸಕರು, ಸಂಸದರು ಈ ಒಂದು ಸಾಲನ್ನು ಅದರಲ್ಲಿ ಸೇರಿಸುವಂತೆ ಕೇಳಬೇಕು. ಅಲ್ಲಿಯವರೆಗೆ ನಮ್ಮ ಸಹಕಾರಿ ಸಂಘಗಳು, ಯುವಕ ಮಂಡಲಗಳು ವರ್ಷಕ್ಕೊಂದು ದಿನ ಇದಕ್ಕಾಗಿ ಕೂತರೂ ಸಾಕು. ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡುವ ಊರು ನಮ್ಮದು. ವಿಮೆಯ ಕಾಗದ ನೋಡುವ ಶಿಬಿರವೂ ಒಂದು ಆಗಲಿ.

ಮಗ: ಈ ಮೇಲನ್ನು ನಾನೊಬ್ಬನೇ ಕಳಿಸುವುದಿಲ್ಲ. ನನ್ನ ಜೊತೆ ಪತ್ರ ಪಡೆದವರೆಲ್ಲರಿಗೂ ಇದರ ಪ್ರತಿ ಹಾಕುತ್ತೇನೆ. ಎಲ್ಲರೂ ಒಂದೇ ದಿನ ಕೇಳಿದರೆ ಕಂಪನಿ ಒಂದು ಉತ್ತರ ತಯಾರು ಮಾಡಲೇಬೇಕಾಗುತ್ತದೆ.

ತಾಯಿ: ನಾನ್ ಸೋಮವಾರ ಆಫೀಸಿಗೆ ಹೋಯಿ ಕೇಂತೆ, ನಾ ಬಿಡುವಾಗ ಎಷ್ಟ್ ನಂಬ್ರ ಒತ್ತ್ತ್ರಿ ಅಂದ್ಕಂಡ್. ನನ್ ಒಟ್ಟಿಗಿನ ಹೆಂಗ್ಸ್ರನ್ನೂ ಕರ್ಕಂಡೇ ಹೋತೆ.

ಹಿರಿಯರು: ಹೋಗಿ. ಕೆಲಸ ಕೊಟ್ಟವರು ಕೊಟ್ಟ ವಿಮೆ ಎಂದು ನಾವು ಸಂಕೋಚಪಟ್ಟು ಬಾಯಿ ಮುಚ್ಚಿಕೊಳ್ಳುತ್ತೇವೆ. ಅದರ ಪ್ರೀಮಿಯಂ ಸಂದದ್ದು ನಮ್ಮ ದುಡಿಮೆಯಿಂದ. ಆ ವರ್ಷಗಳ ಲೆಕ್ಕವನ್ನು ಕೊನೆಯ ದಿನಕ್ಕೆ ಮೊದಲು ಕೇಳಿ ಪಡೆಯುವುದು ದುಡಿದವರ ಹಕ್ಕು, ಕೇಳುವ ಮೊದಲೇ ತಿಳಿಸುವುದು ದುಡಿಸಿಕೊಂಡವರ ಕರ್ತವ್ಯ.